ಕಂಸದೊಳಗಿನ ಎಬಿ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದ ಹೆಂಗಸು. ಒಂದು ಅಲ್ಪವಿರಾಮ ತಪ್ಪಿದರೂ ಕಣ್ಣಿಗೆ ಚುಚ್ಚುತ್ತಿತ್ತು. ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ, ಅಲ್ಲೇ ಕಂಪ್ಯೂಟರ್ ಆಪರೇಟರ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಇಬ್ಬರಿಗೂ ಅಷ್ಟಕ್ಕಷ್ಟೇ. ಕಿರಿಯವಳದು ಮಾತು ಕಡಿಮೆ, ಅದನ್ನೇ ಹಿರಿಯವಳು ಜಂಬ ಅಂದುಕೊಂಡಿದ್ದಳು.

ಅವತ್ತು ಆಸ್ಪತ್ರೆಯಿಂದ ಫೋನ್ ಬಂತು. ಅಚ್ಚಿಗೆ ಹೊರಟಿದ್ದ ರಕ್ತದಾನಿಗಳ ಪಟ್ಟಿಯಲ್ಲಿ ಹೆಸರು, ಫೋನ್ ನಂಬರು, ಕೊನೆಗೆ ರಕ್ತದ ಗುಂಪು ಇತ್ತು. ಗುಂಪೇ ಮೊದಲು ಬೇಕಂತೆ, ನರ್ಸ್‌ಗಳಿಗೆ ಹುಡುಕಲು ಸುಲಭ. ಒಟ್ಟು ಆರು ಸಾವಿರ ಸಾಲು.

"ಮೂರು ಜನ ಕೂತರೂ ನಾಲ್ಕು ದಿನ," ಎಂದು ಮಾಲೀಕರು ತಲೆಮೇಲೆ ಕೈಹೊತ್ತರು.

"ಒಂದು ಸಾಲಿನ ಕೆಲಸ," ಎಂದಳು ಕಿರಿಯವಳು.

ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಅವಳು ಬರೆದದ್ದು ಒಂದೇ ಸಾಲಿನ ಆದೇಶ. ಭೂತಗನ್ನಡಿ ಹಿಂದೆ ನಿಂತು ಇಣುಕಿದಳು.

"ಇದೇನು, ಇಷ್ಟೊಂದು ಕಂಸ?"

"ಕಂಸದೊಳಗೆ ಸಿಕ್ಕಿದ್ದನ್ನ ಅದು ನೆನಪಿಟ್ಟುಕೊಳ್ಳುತ್ತೆ, ಅಕ್ಕ. ಮೊದಲನೇ ಕಂಸದಲ್ಲಿ ಹೆಸರು-ನಂಬರು, ಎರಡನೇದರಲ್ಲಿ ಗುಂಪು. ಆಮೇಲೆ ಎರಡು, ಒಂದು ಅಂತ ಬರೆದರೆ ತಿರುವಿ ಹಾಕುತ್ತೆ."

ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಸಾವಿರ ಸಾಲೂ ತಿರುಗಿ ನಿಂತವು. ಭೂತಗನ್ನಡಿ ಮೊದಲ ಪುಟ ಓದಿ, "ಸರಿಯಾಗಿದೆ, ಕಳಿಸು," ಎಂದಳು.

ಕಿರಿಯವಳು ಕಳಿಸಲಿಲ್ಲ. ಮೂಲ ಕಡತವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿದ್ದಳು. ಈಗ ಎರಡರಲ್ಲೂ ಒಂದೊಂದು ಗುಂಪಿನವರು ಎಷ್ಟೆಷ್ಟು ಅಂತ ಎಣಿಸಿದಳು.

"ಅಕ್ಕ, ಮೊದಲು ಎಬಿ ಗುಂಪಿನವರು ಮುನ್ನೂರ ಹನ್ನೆರಡು ಜನ ಇದ್ದರು. ಈಗ ಒಬ್ಬರೂ ಇಲ್ಲ."

ಭೂತಗನ್ನಡಿ ಪರದೆಯ ಹತ್ತಿರ ಬಗ್ಗಿದಳು. ಮತ್ತೆ ಮೊದಲ ಪುಟ ನೋಡಿದಳು. ಹನ್ನೊಂದನೇ ಸಾಲಿನ ತುದಿಯಲ್ಲಿ ಒಂಟಿ "ಎ" ನೇತಾಡುತ್ತಿತ್ತು. ಸಾಲಿನ ಮೊದಲಿಗೆ ಬರೀ "ಬಿ" ಬಂದು ಕೂತಿತ್ತು. ಅವಳ ಕಣ್ಣೇ ಅದನ್ನು ದಾಟಿ ಹೋಗಿತ್ತು.

"ಮೊದಲನೇ ಕಂಸಕ್ಕೆ ಹೊಟ್ಟೆಬಾಕತನ. ಸಿಕ್ಕಷ್ಟೂ ನುಂಗುತ್ತೆ. ಎಬಿಯಲ್ಲಿ ಎ ನುಂಗಿ, ಎರಡನೇದಕ್ಕೆ ಬಿ ಮಾತ್ರ ಬಿಟ್ಟಿದೆ. ತಪ್ಪು ಅದರದ್ದಲ್ಲ, ನಂದೇ," ಎಂದಳು ಕಿರಿಯವಳು, ತಣ್ಣಗೆ. ಎರಡು ಕಂಸಗಳ ನಡುವೆ ಒಂದು ಅಲ್ಪವಿರಾಮ ಇಟ್ಟಳು. ಆಗ ಪಟ್ಟಿಯಲ್ಲಿ ಗುಂಪಿಗೆ ಮುಂಚೆ ಇದ್ದ ಅಲ್ಪವಿರಾಮದ ಹತ್ತಿರ ಮೊದಲನೇ ಕಂಸ ನಿಲ್ಲಲೇಬೇಕಾಯಿತು. ಮತ್ತೆ ಎಣಿಸಿದಾಗ ಎಬಿಯವರು ಮುನ್ನೂರ ಮೂರು ಜನ.

"ಇನ್ನೂ ಒಂಬತ್ತು ಜನ?"

"ಅವರ ಸಾಲಲ್ಲಿ ಗುಂಪಿಗೆ ಮುಂಚೆ ಅಲ್ಪವಿರಾಮವೇ ಇಲ್ಲ, ಅದಕ್ಕೇ ತಿರುಗಿಲ್ಲ. ಬೇರೆ ಗುಂಪಿನವೂ ಸೇರಿ ಅಂಥವು ಹತ್ತೊಂಬತ್ತು. ಟೈಪ್ ಮಾಡಿದವರು ಅಲ್ಲೆಲ್ಲ ಎಡವಿದ್ದಾರೆ, ಗುಂಪೂ ತಪ್ಪಿರಬಹುದು. ಊಹೆ ಮಾಡಲ್ಲ ನಾನು, ಅವರನ್ನೇ ಕೇಳಿಬಿಡ್ತೀನಿ."

ಅವಳು ಫೋನ್ ಎತ್ತಿಕೊಂಡಳು. ಭೂತಗನ್ನಡಿ ಅವಳ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. ಇಷ್ಟು ವರ್ಷದಲ್ಲಿ ತಾನು ಸರಿ ಅಂದ ಪುಟವನ್ನು ಇನ್ನೊಬ್ಬರು ತಡೆದದ್ದು ಇದೇ ಮೊದಲು. ಅವಮಾನ ಆಗಬೇಕಿತ್ತು, ಆಗಲಿಲ್ಲ. ಬದಲಿಗೆ ಒಂಥರಾ ಹೆಮ್ಮೆ, ಈ ಹುಡುಗಿ ನಮ್ಮನೆಯವಳು ಅಂತ.

"ಅರ್ಧ ನಂಬರು ನನಗೆ ಕೊಡು," ಎಂದಳು.

ನಾಲ್ಕೂವರೆಗೆ ಹತ್ತೊಂಬತ್ತನೆಯವರೂ ಸಿಕ್ಕರು. ಇಬ್ಬರ ಗುಂಪು ನಿಜವಾಗಿಯೂ ತಪ್ಪಾಗಿತ್ತು. ತಿದ್ದಿದ ಪಟ್ಟಿ ಅಚ್ಚಿಗೆ ಹೋಯಿತು.

"ಆ ಕಂಸದ ವಿದ್ಯೆ ನನಗೂ ಹೇಳಿಕೊಡ್ತೀಯಾ?" ಎಂದು ಬಸ್ಸಿನಲ್ಲಿ ಕೇಳಿದಳು ಭೂತಗನ್ನಡಿ.

ಕಿರಿಯವಳು ಟಿಕೆಟಿನ ಹಿಂಬದಿಗೆ ಪೆನ್ನು ಹಚ್ಚಿ, ಇಳಿಯುವ ಸ್ಟಾಪ್ ದಾಟಿದ್ದೂ ಗೊತ್ತಾಗದಷ್ಟು ಹೊತ್ತು ಹೇಳಿಕೊಟ್ಟಳು.