ಆನೆ ಗುದ್ದಿದ್ರೂ ಅಲ್ಲಾಡದ ಮನೆಗಾಡಿ

ನಮ್ಮ ಯಜಮಾನರಿಗೆ ಯಾವ ಸಾಮಾನನ್ನೂ ಅಂಗಡಿಗೆ ಹೋಗಿ ತಂದು ಅಭ್ಯಾಸವಿಲ್ಲ. ಎಲ್ಲ ತಾವೇ ಮಾಡಬೇಕು. ಹೆಸರು ಪುಟ್ಟರಾಜು, ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರು. ಕೈಗೊಂದು ಸ್ಪ್ಯಾನರ್ ಸಿಕ್ಕಿದರೆ ಊಟ ಮರೀತಾರೆ. ಒಂದ್ಸಲ ಚಕ್ಕುಲಿ ಒತ್ತಕ್ಕೆ ಅಂತ ಮೋಟರ್ ಕೂರಿಸಿ ಮಿಷನ್ ಮಾಡಿದ್ರು. ಚಕ್ಕುಲಿಯೆಲ್ಲ ಹಾರಿ ಹೋಗಿ ಗೋಡೆಗೆ ಅಂಟ್ಕೊಂಡ್ವು. ಅದನ್ನಾದ್ರೂ ಸಹಿಸಿದೆ. ಈ ಮನೆಗಾಡಿ ವಿಷಯ ಎತ್ತಿದರೆ ಮಾತ್ರ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತೆ.

ನಾನು ಕೇಳಿದ್ದಾದ್ರೂ ಏನು? ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಒಂದ್ಸಲ ಸಮುದ್ರ ತೋರಿಸಿ ಅಂದೆ, ಅಷ್ಟೇ. ಹುಟ್ಟಿದ್ದು ತಿ. ನರಸೀಪುರದ ಹತ್ತಿರ ಮೂಗೂರು, ಸೇರಿದ್ದು ನಂಜನಗೂಡು. ಹೊಳೆ ನೋಡಿದ್ದೆ, ನಾಲೆ ನೋಡಿದ್ದೆ, ಆಚೆ ದಡ ಕಾಣದೇ ಇರೋ ನೀರು ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲೇ ಕೇಳಿದೆ. “ಅದಕ್ಕೇನಂತೆ ರಾಜಮಣಿ, ಹೋಗೋಣ” ಅಂದವರು ಹತ್ತಿರದ ಸೋಮನಾಥಪುರದ ಗುಡಿಗೆ ಕರ್ಕೊಂಡು ಹೋಗಿ ಬಂದ್ರು. ಮತ್ತೆ ಕೇಳಿದೆ, ಮತ್ತೆ ಸೋಮನಾಥಪುರ. ಮಗಳು ಶೃತಿ ಹುಟ್ಟಿ, ಮಾತು ಕಲಿತು, ಅವಳೂ ಸಮುದ್ರ ಕೇಳಿದಳು. ಅವಳಿಗೂ ಸೋಮನಾಥಪುರ. ಬುತ್ತಿ ಕಟ್ಕೊಂಡು ಹೋಗೋದು, ಹುಲ್ಲಿನ ಮೇಲೆ ಕೂತು ತಿನ್ನೋದು, ಹೊತ್ತು ಮುಳುಗೋದರೊಳಗೆ ಮನೆ ಸೇರೋದು. ಅಲ್ಲಿ ಟಿಕೆಟ್ ಕೊಡೋವರು ನಮ್ಮನ್ನ ಕಂಡರೆ “ಚೆನ್ನಾಗಿದ್ದೀರಾ?” ಅಂತ ವಿಚಾರಿಸೋ ಹಾಗಾಗಿತ್ತು.

ಯಾಕೆ ಹೀಗೆ ಅಂತ ಕೇಳಿದರೆ ಒಂದೇ ಉತ್ತರ, ಅಮ್ಮ. “ಅಮ್ಮ ಹೊರಗಡೆ ಒಂದು ತೊಟ್ಟು ನೀರೂ ಮುಟ್ಟಲ್ಲ ಕಣೇ. ಲಾಡ್ಜಲ್ಲಿ ಮಲಗಲ್ಲ. ಕಂಡೋರ ಬಚ್ಚಲಿಗೆ ಕಾಲಿಡಲ್ಲ. ಒಬ್ಬಳನ್ನೇ ಬಿಟ್ಟು ಹೋಗಕ್ಕಾಗುತ್ತಾ?” ಅಂತಿದ್ರು. ಅತ್ತೆ ಸುಬ್ಬಲಕ್ಷ್ಮಮ್ಮನಿಗೆ ಪೂಜೆ ಪುನಸ್ಕಾರ ಜಾಸ್ತಿ, ಹಾಗಾಗಿ ನಾನೂ ನಂಬಿದೆ. ಒಳಗೊಳಗೇ ಅತ್ತೆ ಮೇಲೆ ಹಲ್ಲು ಮಸೀತಿದ್ದೆ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಇವರಿಗೆ ಗುಜರಿ ಅಂಗಡಿಯಲ್ಲಿ ಒಂದು ಫಾರಿನ್ ಪತ್ರಿಕೆ ಸಿಕ್ತು. ಅದರಲ್ಲಿ ಒಂದು ಕಾರು ಪುಟ್ಟ ಮನೆಯನ್ನ ಎಳ್ಕೊಂಡು ಹೋಗೋ ಫೋಟೋ. ಅದನ್ನ ಹಿಡ್ಕೊಂಡು ಓಡಿ ಬಂದ್ರು. “ಸಿಕ್ತು ಕಣೇ ದಾರಿ! ಮನೇನೇ ಜೊತೇಲಿ ಬಂದ್ರೆ ಅಮ್ಮ ಏನಂತಾಳೆ?” ಸುಳ್ಳು ಯಾಕೆ ಹೇಳಲಿ, ಅವತ್ತು ಗಂಡನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು.

ತಿ. ನರಸೀಪುರದಿಂದ ಕಬ್ಬು ಹೊತ್ತು ಸವೆದಿದ್ದ ಟ್ರ್ಯಾಕ್ಟರ್ ಟ್ರೈಲರಿನ ಅಡಿಭಾಗ ಬಂತು. ಕಬ್ಬಿಣದ ಆಂಗಲ್ ಬಂತು, ತಗಡು ಬಂತು. ನಮ್ಮ ಹಿತ್ತಲಲ್ಲಿ ವೆಲ್ಡರ್ ರಂಗನಾಯಕ ಬೆಳಗ್ಗೆಯಿಂದ ಸಂಜೆತನಕ ಕಿಡಿ ಹಾರಿಸಿದ. ಸಮುದ್ರ ನೋಡಕ್ಕೆ ಹೋಗಬೇಕಿದ್ದ ಕಲ್ಲಿಕೋಟೆ ದಾರಿಯಲ್ಲಿ ಆನೆ ಕಾಡು ಸಿಗುತ್ತೆ ನೋಡಿ, ಇವರ ತಲೆಯಲ್ಲಿ ಸಮುದ್ರ ಹೋಗಿ ಆನೆ ಬಂದು ಕೂತ್ಕೊಂಡ್ಬಿಡ್ತು. “ರಂಗನಾಯಕ, ಆನೆ ಗುದ್ದಿದ್ರೂ ಅಲ್ಲಾಡಬಾರದು ಕಣೋ” ಅನ್ನೋರು. ನಟ್ಟು ಬೋಲ್ಟು ಬೇಡವಂತೆ, ಎಲ್ಲ ವೆಲ್ಡಿಂಗು. ಎರಡು ಪಕ್ಕಕ್ಕೂ ಮಂಚ, ಕೊನೆಗೆ ಒಲೆ ಕಟ್ಟೆ, ಮಧ್ಯೆ ಒಬ್ಬರು ನಡೆಯೋಷ್ಟು ಓಣಿ. ಬಾಗಿಲು ಹಿಂದುಗಡೆ ಒಂದೇ.

ಎಲ್ಲ ಮುಗೀತು ಅನ್ನೋವಾಗ ಅತ್ತೆ ಬಂದು ಒಂದು ಸುತ್ತು ಹಾಕಿದ್ರು. “ಒಸ್ಲು ಎಲ್ಲಪ್ಪ?” ಅಂದ್ರು.

“ಗಾಡಿಗೆ ಹೊಸಿಲು ಯಾಕಮ್ಮ?”

“ಮನೆ ಅಂತೀಯ, ಒಸ್ಲಿಲ್ಲ ಅಂತೀಯ. ಗೂಡಂಗಡಿ ಏನ್ಲಾ ಇದು?”

ಸರಿ, ಮೊಣಕಾಲೆತ್ತರಕ್ಕೆ ದಪ್ಪ ಕಬ್ಬಿಣದ ಹೊಸಿಲು ಕೂತ್ಕೊಂಡ್ತು. ಅರಿಶಿನದ ಬಣ್ಣ ಬಳಿದ್ರು, ಕುಂಕುಮದ ಬಣ್ಣದಲ್ಲಿ ಬೊಟ್ಟಿಟ್ಟರು. ಬಾಗಿಲು ಪೂರ್ವಕ್ಕಿರಬೇಕು ಅಂದ್ರು ಅತ್ತೆ, ನಮ್ಮ ಹಳೇ ಜೀಪು ಕಟ್ಟಿ ಗಾಡೀನೇ ತಿರುಗಿಸಿದ್ದಾಯ್ತು. ಹೊಸಿಲು ಇದ್ದ ಮೇಲೆ ಗೃಹಪ್ರವೇಶ ಬೇಡವೇ? ಪುರೋಹಿತರು ಬಂದ್ರು. ವಾಸ್ತು ಪುರುಷನ ತಲೆ ಯಾವ ಕಡೆಗಿದೆ ಅಂತ ಲೆಕ್ಕ ಹಾಕಕ್ಕೆ ಕೂತವರು, ಟೈರು ಕಂಡು ಲೆಕ್ಕ ಬಿಟ್ಟು, ಎಲ್ಲ ದಿಕ್ಕಿಗೂ ಒಂದೊಂದು ಹೂವು ಹಾಕಿದ್ರು.

ಹೊಸ ಮನೆಗೆ ಮೊದಲು ಹಸು ಕರು ನುಗ್ಗಿಸಬೇಕಲ್ಲ. ಹಾಲು ಹಾಕೋ ಸಾಕಮ್ಮ ತನ್ನ ಹಸುವಿಗೆ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ ಹೊಡ್ಕೊಂಡು ಬಂದಳು. ಹಲಗೆ ಹಾಕಿದ್ರು. ಒಳಗೆ ಒಲೆ ಕಟ್ಟೆ ಮೇಲೆ ಬಾಳೆಹಣ್ಣು ಇಟ್ಟಿತ್ತು. ಹಸು ಅದನ್ನ ಕಂಡಿದ್ದೇ ತಡ, ಹೊಸಿಲು ಹಾರಿ ಸೀದಾ ಒಳಕ್ಕೆ ನಡೀತು. ಕರುವೂ ಹಿಂದೇನೇ ಹೋಯ್ತು. ಎಲ್ಲ ಕೈ ಮುಗಿದು ಕಾದ್ವಿ, ಹಸು ಒಳಗೆ ಗಂಜಲ ಹುಯ್ದರೆ ಶುಭ ನೋಡಿ. ಹುಯ್ತು, ಧಾರಾಳವಾಗಿ ಹುಯ್ತು. ನಾನು ಮೈಸೂರಿಂದ ತರಿಸಿದ್ದ ಹೊಸ ಹಾಸಿಗೆಗೆಲ್ಲ ಹಾರಿತು. ಅತ್ತೆ ಕಣ್ಣಲ್ಲಿ ಆನಂದಬಾಷ್ಪ.

ಕರುವನ್ನ ಎತ್ತಿ ಈಚೆಗೆ ಹಾಕಿದ್ದಾಯ್ತು. ಹಸು ಬರಲಿಲ್ಲ. ತಿರುಗಕ್ಕೆ ಜಾಗ ಇಲ್ಲ. ಸಾಕಮ್ಮ ಮಂಚದ ಮೇಲಿಂದ ಮುಂದೆ ಹೋಗಿ, ಮೂತಿ ಹಿಡಿದು ಹಿಂದಕ್ಕೆ ತಳ್ಳಿದಳು. ಹಿಂಗಾಲು ಹೊಸಿಲಿಗೆ ತಾಗ್ತಿದ್ದ ಹಾಗೇ ಬೆಚ್ಚಿ ಬಿದ್ದು ಮುಂದಕ್ಕೆ ನುಗ್ಗಿತು. ಎಷ್ಟು ಸಲ ತಳ್ಳಿದರೂ ಅದೇ ಕಥೆ. ಈ ಗದ್ದಲದಲ್ಲೇ ಅತ್ತೆ ಹಸುವಿನ ಕತ್ತಿನ ಕೆಳಗೆ ತೂರಿ ಹೋಗಿ, ಒಲೆ ಹಚ್ಚಿ, ಹಾಲು ಉಕ್ಕಿಸಿ ಬಂದ್ರು. ಉಕ್ಕಿದ್ದನ್ನ ಹಸುವೇ ನೆಕ್ಕಿತು.

“ಸಾ, ಒಸ್ಲು ಕುಯ್ಬೇಕು, ಇಲ್ಲಾಂದ್ರೆ ಮುಂದಿನ ಗೋಡೆ ಕುಯ್ಬೇಕು. ಬ್ಯಾರೆ ದಾರಿ ಇಲ್ಲ” ಅಂದ ರಂಗನಾಯಕ.

“ಗೃಹಪ್ರವೇಶದ ದಿನ ಒಸ್ಲು ಕುಯ್ತೀಯೇನೋ? ಮೊದ್ಲು ನನ್ನ ಕುಯ್ಯಿ” ಅಂದ್ರು ಅತ್ತೆ.

ಹಾಗಾದ್ರೆ ಗೋಡೆ ಕುಯ್ಯಿ ಅಂದೆ ನಾನು. ಇವರು ಗೋಡೆಗೆ ಬೆನ್ನು ಕೊಟ್ಟು ನಿಂತ್ಬಿಟ್ಟರು. “ಆಗಲ್ಲ. ಆನೆ ಗುದ್ದಿದ್ರೂ ಅಲ್ಲಾಡದೇ ಇರೋ ಗೋಡೆ ಇದು.”

“ರೀ, ಅದು ಆನೆ ಅಲ್ಲ, ಹಸು! ಇರೋದು ಹೊರಗಲ್ಲ, ಒಳಗೆ!” ಅಂತ ಕೂಗಿದೆ. ಕಿವಿಗೇ ಹಾಕ್ಕೊಳ್ಳಲಿಲ್ಲ.

ಮಾರನೇ ದಿನದಿಂದ ನಮ್ಮ ಹಿತ್ತಲು ಸಂತೆಯಾಯ್ತು. ಸಾಕಮ್ಮ ಗಾಡಿಯೊಳಗೇ ಹುಲ್ಲು ಹಾಕೋಳು, ಒಳಗೇ ಹಾಲು ಕರೆಯೋಳು, ಕಿಟಕಿಯಿಂದ ಪಾತ್ರೆ ದಾಟಿಸಿ ನನಗೆ ಬೈಯೋಳು. ಬೀದಿಯವರು ಪಾತ್ರೆ ಹಿಡ್ಕೊಂಡು ಅಲ್ಲಿಗೇ ಬಂದ್ರು. ಯಾರೋ ಪುಣ್ಯಾತ್ಮರು ಟೈರಿಗೆ ಊದುಬತ್ತಿ ಸಿಕ್ಕಿಸಿ, ತೆಂಗಿನಕಾಯಿ ಒಡೆದು ಹೋದ್ರು. ಯಜಮಾನರು ಟೇಪು ಹಿಡಿದು ಹಸುವಿನ ಉದ್ದ ಅಗಲ ಅಳೆಯುತ್ತಾ ಕೂತಿದ್ರು. ಹಸುವನ್ನ ಜಾಕಿ ಹಾಕಿ ಮೇಲೆತ್ತಿ, ಚಾವಣಿ ಹತ್ತಿರ ತಿರುಗಿಸಿ ಇಳಿಸೋ ಯಂತ್ರ ಮಾಡ್ತಾರಂತೆ. ಅಷ್ಟು ಖುಷಿಯಾಗಿ ಆ ಮನುಷ್ಯನನ್ನ ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಅವರ ಲೀವು ಮುಗೀತಾ ಬಂದಿತ್ತು, ಶೃತಿ ರಜೆಯೂ ಕರಗ್ತಾ ಇತ್ತು. “ಬರೀ ಜೀಪಲ್ಲಿ ಹೋಗೋಣ” ಅಂದೆ. “ಅಮ್ಮನ ಊಟ ತಿಂಡಿ?” ಅಂದ್ರು. “ಹಸು ಸಮೇತ ಹೊರಡಿ, ಅದೂ ಸಮುದ್ರ ನೋಡಲಿ” ಅಂದೆ. “ಕಾಡಲ್ಲಿ ಹುಲಿ ವಾಸನೆ ಹಿಡಿದ್ರೆ?” ಅಂದ್ರು. ಆಮೇಲೆ ಟೇಪು ಸುತ್ತುತ್ತಾ, ನನ್ನ ಮುಖ ಕೂಡ ನೋಡದೇ ಅಂದ್ರು, “ಮುಂದಿನ ವರ್ಷ ಗ್ಯಾರಂಟಿ ಕಣೇ. ಈ ಸಲಕ್ಕೆ ಒಂದ್ಸಲ ಸೋಮನಾಥಪುರ...”

ಆ ಮಾತು ಮುಗಿಯೋವರೆಗೂ ನಾನು ನಿಲ್ಲಲಿಲ್ಲ. ಬ್ಯಾಗಿಗೆ ಬಟ್ಟೆ ತುರುಕಿ, ಶೃತಿ ಕೈ ಹಿಡ್ಕೊಂಡು, ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲಿಕೋಟೆ ಬಸ್ಸು ಹತ್ತಿ ಕೂತೆ. ಒಬ್ಬಳೇ ಮೈಸೂರು ಕೂಡ ದಾಟಿದವಳಲ್ಲ ನಾನು. ಬಸ್ಸು ಹೊರಡಕ್ಕೆ ಹಾರ್ನ್ ಹೊಡೀತಿದ್ದಾಗ ಬಾಗಿಲಲ್ಲಿ ಅತ್ತೆ! ಬಗಲಲ್ಲಿ ಚೀಲ, ಏದುಸಿರು. ಜಡೆ ಹಿಡಿದು ಎಳ್ಕೊಂಡು ಹೋಗಕ್ಕೇ ಬಂದ್ರು ಅಂದ್ಕೊಂಡು ಸೀಟು ಗಟ್ಟಿಯಾಗಿ ಹಿಡ್ಕೊಂಡೆ.

“ಜರುಗು ಅತ್ಲಾಗೆ. ನಂಗೂ ಟಿಕೀಟ್ ತಕೋ” ಅಂತ ಪಕ್ಕದಲ್ಲಿ ಕೂತ್ಕೊಂಡ್ರು. “ಓಗ್ಲಿ ಬುಡಮ್ಮ ಅಂದ ನಿನ್ ಗಂಡ. ನಾನ್ಯಾಕ್ ಬುಡ್ಲಿ? ಸಮುದ್ರ ನಾನೇನ್ ಕಂಡಿದ್ದೀನಾ?”

ಗುಂಡ್ಲುಪೇಟೆಯಲ್ಲಿ ಬಸ್ಸು ನಿಂತಿತು. ಅತ್ತೆ ಇಳಿದು ಬಸ್‌ಸ್ಟ್ಯಾಂಡಿನ ಕಕ್ಕಸಿಗೆ ಹೋಗಿ ಬಂದ್ರು. ಬಂದವರೇ ಹೋಟೆಲಿನಲ್ಲಿ ಕಾಲು ನೀಡಿ ಕೂತು, ವಡೆ ತರಿಸಿ ತಿಂದು, ಟೀ ಕುಡಿದು, ಇನ್ನೊಂದು ವಡೆ ಹೇಳಿದ್ರು.

“ಅತ್ತೆ, ನೀವು ಹೊರಗಡೆ ಏನೂ ಮುಟ್ಟಲ್ವಲ್ಲ?”

“ಯಾರಂದೋರು?”

“ನಿಮ್ಮ ಮಗ. ನಿಮ್ಮಿಂದಾನೇ ನಾವು ಎಲ್ಲೂ ಹೋಗಕ್ಕಾಗಲ್ಲ ಅಂತ ಯಾವಾಗಲೂ ಹೇಳ್ತಿದ್ರು.”

ಅತ್ತೆ ಅಗಿಯೋದನ್ನ ನಿಲ್ಲಿಸಿದ್ರು. ನನ್ನನ್ನ ಮೇಲಿಂದ ಕೆಳಗಿನ ತನಕ ನೋಡಿದ್ರು. “ನಂಗವನು ಯೋಳಿದ್ದೇ ಬ್ಯಾರೆ. ಬಸ್ಸು ಅತ್ತಿದ್ರೆ ನಿಂಗೆ ವಾಂತಿ ಆಯ್ತದಂತಲ್ಲ? ಜೀಪಲ್ಲೂ ಸೋಮನಾಥಪುರದಿಂದಾಚೆಗೆ ತಡೆಯಾಕಿಲ್ವಂತಲ್ಲ? ಕಾಶಿಗೆ ಓಗವ ಅಂದೆ, ಅವಳಿಗಾಗಾಕಿಲ್ಲ ಕಣಮ್ಮ ಅಂದ. ರಾಮೇಶ್ವರ ಅಂದೆ, ಅದ್ಕೂ ಅದೇ ಅಂದ. ಪಾಪ ಸೊಸೆ ಕಾಯಿಲೆ ಮನುಷ್ಯಳು ಅಂತ ನಾನೂ ಸುಮ್ಕಿದ್ದೆ.”

ನನಗೆ ಅಳು ಬಂತು. ಸಿಟ್ಟಿಗೂ ಬಂತು, ಅತ್ತೆ ಮೇಲೆ ಅಷ್ಟು ವರ್ಷ ಹಲ್ಲು ಮಸೆದಿದ್ದಕ್ಕೂ ಬಂತು. ಆ ಮನುಷ್ಯನಿಗೆ ಹಿತ್ತಲು ಬಿಟ್ಟು ಹೋಗಕ್ಕೇ ಇಷ್ಟವಿರಲಿಲ್ಲ. ಇಬ್ಬರು ಹೆಂಗಸರನ್ನ ಒಬ್ಬರಿಗೊಬ್ಬರು ಅಡ್ಡ ನಿಲ್ಲಿಸಿ, ತಾವು ಆರಾಮಾಗಿ ಸ್ಪ್ಯಾನರ್ ತಿರುಗಿಸ್ಕೊಂಡಿದ್ರು. ಅತ್ತೆ ತಮ್ಮ ಸೆರಗಲ್ಲೇ ನನ್ನ ಮೂಗು ಒರೆಸಿ, “ವಡೆ ತಿನ್ನು, ಆರೋಯ್ತದೆ” ಅಂದ್ರು.

ಘಾಟಿ ಇಳಿಯುವಾಗ ಬಸ್ಸು ಹಗ್ಗ ಸುತ್ತಿದ ಹಾಗೆ ಸುತ್ತಿತು. ಮುಂದಿನ ಸೀಟಿನವರು ವಾಂತಿ ಮಾಡ್ತಾ ಕಿಟಕಿಯಿಂದ ತಲೆ ಒಳಕ್ಕೆ ತಗೊಳ್ಳಲೇ ಇಲ್ಲ. ನಾನು ಮಾತ್ರ ಚಕ್ಕುಲಿ ತಿನ್ತಾ ಕೂತಿದ್ದೆ. ಅತ್ತೆ ಆಗಾಗ ನನ್ನ ಮುಖ ನೋಡಿ, “ಬಂತೇನವ್ವ?” ಅನ್ನೋರು. “ಇಲ್ಲ ಅತ್ತೆ” ಅಂದರೆ, “ಅಯ್ಯೋ ಅವನ ಮನೆ ಆಳಾಗ!” ಅಂತ ಮಗನಿಗೆ ಬೈಯೋರು.

ಸಮುದ್ರ ಎಷ್ಟು ದೊಡ್ಡದು ಅಂತ ನಾನು ಹೇಳಕ್ಕೆ ಹೋಗಲ್ಲ, ನೋಡಿದವರಿಗೆ ಗೊತ್ತು. ಶೃತಿ ಕುಣಿದಳು. ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲು ಮುಳುಗೋವರೆಗೂ ಹೋಗಿ, “ಇಷ್ಟೂ ನೀರೇ ಏನೇ ಮಣಿ?” ಅಂತ ನನ್ನ ಕೈ ಹಿಡ್ಕೊಂಡ್ರು. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯ್ತು.

ಸಂಜೆ ದಡದ ಹತ್ತಿರ ಎಸ್‌ಟಿಡಿ ಬೂತಿಂದ ಮನೆಗೆ ಫೋನ್ ಮಾಡಿದೆ. ಸಾಕಮ್ಮ ತಾಳ್ಮೆ ಕೆಟ್ಟು, ರಂಗನಾಯಕನ ಕೈಲಿ ಒಲೆ ಕಟ್ಟೆ ಸಮೇತ ಮುಂದಿನ ಗೋಡೆ ಕುಯ್ಸಿ, ಹಸು ಹೊಡ್ಕೊಂಡು ಹೋದಳಂತೆ. “ನನ್ನ ಗೋಡೆ ಹೋಯ್ತು ರಾಜಮಣಿ. ಮನೇಲಿ ಅನ್ನಕ್ಕೂ ಗತಿಯಿಲ್ಲ. ನಾಳೆಯಾದ್ರೂ ಬರ್ತೀರಾ?” ಅಂತ ಅಳೋ ಹಾಗೆ ಕೇಳಿದ್ರು. ನನ್ನ ಮನಸ್ಸು ಕರಗ್ತಾ ಇತ್ತು. ಅಷ್ಟರಲ್ಲಿ ಅತ್ತೆ ಒದ್ದೆ ಕೈಯಲ್ಲೇ ರಿಸೀವರ್ ಕಿತ್ಕೊಂಡ್ರು.

“ಬರಾಕಾಗಾಕಿಲ್ಲ ಕಣಪ್ಪ. ನಿನ್ ಎಂಡ್ತಿಗೆ ಬಸ್ಸತ್ತಿದ್ರೆ ವಾಂತಿ ಆಯ್ತದೆ” ಅಂತ ಹೇಳಿ ಫೋನ್ ಇಟ್ಟು, ಮತ್ತೆ ನೀರಿನ ಕಡೆಗೆ ಹೊರಟ್ರು.