ಆವಲಪ್ಪನವರ ಬೋರಿನ ನೀರಿನ ವಯಸ್ಸು

ಶಿಡ್ಲಘಟ್ಟದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ಕಶ್ಯಪ್‌ಗೆ ತನ್ನ ಲೆಕ್ಕದ ಮೇಲೆ ಭಾರಿ ಹೆಮ್ಮೆ. ಅಳತೆಯ ಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕತ್ತರಿಸುವ ಮೇಷ್ಟ್ರು ಅವನು.

ಸಂಶೋಧನೆಗೆಂದು ದಿಬ್ಬೂರಹಳ್ಳಿಯ ರೈತ ಆವಲಪ್ಪನವರ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದ್ದ. ಮಳೆನೀರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಚೂರೇ ಚೂರು ಇರುತ್ತದೆ. ಕುಡಿಯುವವರಿಗೆ ಅಷ್ಟರಿಂದ ಭಯವಿಲ್ಲ. ನೆಲದೊಳಗೆ ವರ್ಷಗಳು ಕಳೆದಂತೆ ಅದು ಕಡಿಮೆಯಾಗುವುದರಿಂದ, ಉಳಿದದ್ದನ್ನು ಅಳೆದು ನೀರು ಹೊಸದೋ ಹಳೆಯದೋ ಹೇಳಬಹುದು. ವರದಿಯಲ್ಲಿ 0.24 ಎಂದಿತ್ತು. ಅದು ಟ್ರಿಟಿಯಂ ಯೂನಿಟ್ ಎಂಬ ಮಾನದ ಲೆಕ್ಕವೇ, ಅಂದರೆ ಇಲ್ಲವೆನ್ನುವಷ್ಟು ಕಡಿಮೆ ಎಂದುಕೊಂಡ ಕಶ್ಯಪ್ ತಡೆಯಲಾರದೆ ಆವಲಪ್ಪನವರಿಗೆ ಫೋನ್ ಮಾಡಿದ.

"ನಿಮ್ಮ ಬೋರಲ್ಲಿ ಬರ್ತಿರೋದು ನಿಮ್ಮ ತಾತನ ಕಾಲದ ನೀರು ಆವಲಪ್ಪನೋರೇ. ಈಗಿನ ಮಳೆ ಅಲ್ಲಿಗೆ ಇಳಿದೇ ಇಲ್ಲ."

"ಹಂಗಾದ್ರೆ ನಾನು ಇಂಗುಗುಂಡಿ ತೋಡಿ ಮೂರು ವರ್ಷ ಮಳೆನೀರು ಬಿಟ್ಟಿದ್ದೆಲ್ಲ ದಂಡ ಅನ್ನಿ."

"ವಿಜ್ಞಾನ ಹಾಗೇ ಹೇಳುತ್ತೆ," ಎಂದ ಕಶ್ಯಪ್, ವಿಜ್ಞಾನ ತನಗೇ ವಕಾಲತ್ತು ಬರೆದುಕೊಟ್ಟಿದೆಯೇನೋ ಎಂಬಂತೆ.

ಮೂರನೆಯ ದಿನ ಲೇಖನ ಬರೆಯುವಾಗ, ಅಂಕಿಯ ಪಕ್ಕದ ಸಣ್ಣಕ್ಷರ ಕಣ್ಣಿಗೆ ಬಿತ್ತು: ಲೀಟರಿಗೆ ಬೆಕೆರೆಲ್, ವಿಕಿರಣ ಅಳೆಯುವ ಬೇರೆಯೇ ಮಾನ. ಒಂದು ಟ್ರಿಟಿಯಂ ಯೂನಿಟ್ಟಿಗೆ ಲೀಟರಿನಲ್ಲಿ 0.118 ಬೆಕೆರೆಲ್. ಭಾಗಿಸಿದ. ಎರಡು ಯೂನಿಟ್ ಬಂತು, ಅವನು ಅಂದುಕೊಂಡದ್ದರ ಸುಮಾರು ಎಂಟು ಪಟ್ಟು. ಅಂದರೆ ಆ ನೀರಿನಲ್ಲಿ ಇತ್ತೀಚಿನ ಮಳೆ ಬೆರೆತಿದೆ! ಮೂವತ್ತೈದರ ಕಶ್ಯಪ್, ಪಿಎಚ್‌ಡಿ, ಅರ್ಧ ಅಂಕಕ್ಕೂ ನಾಲಾಯಕ್ಕು.

ಆವಲಪ್ಪನವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಬೈಕ್ ಹತ್ತಿ ದಿಬ್ಬೂರಹಳ್ಳಿಗೆ ಧಾವಿಸಿದ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಆವಲಪ್ಪ ಇಂಗುಗುಂಡಿಗೆ ಮಣ್ಣು ತುಂಬುತ್ತಿದ್ದರು, ಅರ್ಧ ಮುಚ್ಚಿಯಾಗಿತ್ತು.

"ನಿಲ್ಲಿಸಿ! ತಪ್ಪು ವಿಜ್ಞಾನದ್ದಲ್ಲ, ನಂದು. ಅಂಕಿ ನೋಡಿದೆ, ಅಳತೆಯ ಮಾನ ನೋಡ್ಲಿಲ್ಲ. ನೀವು ಬಿಟ್ಟ ಮಳೆನೀರು ಇಳಿದಿರಬೇಕು."

ಪಕ್ಕದಲ್ಲೇ ಇದ್ದ ಆವಲಪ್ಪನವರ ಹೆಂಡತಿ ವೆಂಕಟರತ್ನಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ದೇವುಡಾ! ಇವರ ತಾತನ ಕಾಲದ ನೀರು ಅಂತ ನಿನ್ನೆ ಒಂದು ಚೊಂಬು ಅವರ ಫೋಟೋ ಮುಂದೆ ಇಟ್ಟಿದ್ನಲ್ಲಪ್ಪ!"

ಆವಲಪ್ಪ ನಗಲಿಲ್ಲ. ಮಣ್ಣೆತ್ತುವ ಸನಿಕೆಯನ್ನು ಕಶ್ಯಪ್‌ನ ಕೈಗೆ ಕೊಟ್ಟು, "ಹಂಗಾದ್ರೆ ತೆಗೀರಿ ಮೇಷ್ಟ್ರೇ," ಎಂದು ಬದುವಿನ ಮೇಲೆ ಕೂತರು.

ಇಸ್ತ್ರಿ ಮಾಡಿದ ಅಂಗಿಯಲ್ಲೇ ಅವನು ಗುಂಡಿಗಿಳಿದ. ಹತ್ತು ಸಲ ಮಣ್ಣೆತ್ತುವುದರಲ್ಲಿ ಏದುಸಿರು. ಅದನ್ನು ನೋಡಲಾರದೆ ಆವಲಪ್ಪ ಕೊನೆಗೆ ಗುದ್ದಲಿ ಹಿಡಿದು ತಾವೂ ಇಳಿದರು. ಸಂಜೆಯೊಳಗೆ ಗುಂಡಿ ಮೊದಲಿನ ಆಳಕ್ಕೆ ಬಂತು.