ಅರವತ್ತೊಂದು ಉಲ್ಲೇಖದ ಪದ

"ನೂರಾ ಹನ್ನೆರಡೇನಾ? ಮೂರು ವಾರ ಲೈಬ್ರರೀಲಿ ಕತ್ತೆ ಕಾಯ್ತಿದ್ಯೇನಯ್ಯ? ನಿಮ್ಮೋರಿಗೆ ಸೀಟು ಕೊಟ್ರೂ ಅಷ್ಟೆ, ಕೆಲಸ ಕೊಟ್ರೂ ಅಷ್ಟೆ."

ಷಡಕ್ಷರಪ್ಪನವರು ನನ್ನ ಪಟ್ಟಿಯನ್ನು ಮೇಜಿನ ಮೇಲೆ ಎಸೆದರು. ಅರಸೀಕೆರೆಯ ಆ ಕಾಲೇಜಿನಲ್ಲಿ ಅವರು ಕನ್ನಡ ವಿಭಾಗದ ಮುಖ್ಯಸ್ಥರು, 'ನುಡಿತೋರಣ' ಎಂಬ ಸಾಹಿತ್ಯ ಸಂಶೋಧನಾ ಪತ್ರಿಕೆಯ ಸಂಪಾದಕರು. ನಾನು ರವಿಕುಮಾರ್, ಅರೆಕಾಲಿಕ ಉಪನ್ಯಾಸಕ. ಪ್ರತಿ ಜೂನ್‌ನಲ್ಲಿ ಅವರು ಸಹಿ ಹಾಕಿದರೆ ನನಗೆ ಪಾಠ, ಇಲ್ಲದಿದ್ದರೆ ಊರಿಗೆ ವಾಪಸು, ಜಾವಗಲ್ ಬಸ್ಸು. ೨೦೦೪ರ ಆ ಮೇ ತಿಂಗಳಲ್ಲಿ ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಅವರಿಗೆ ತೋರಿಸಬೇಕಂತೆ. ಪುಸ್ತಕಗಳನ್ನು ಓದದೆ ಬರೀ ಅಡಿಟಿಪ್ಪಣಿಗಳನ್ನು ಓದುತ್ತ, ಸಂಜೆ ಕುರಿ ಎಣಿಸುವ ಹಾಗೆ ಎಣಿಸಿದ್ದೆ.

ಆ ನೂರಾ ಹನ್ನೆರಡರಲ್ಲಿ ಅರವತ್ತೊಂದು ಒಂದೇ ಲೇಖನಕ್ಕೆ ಬಿದ್ದಿದ್ದವು: ಷಡಕ್ಷರಪ್ಪನವರದೇ 'ಜಾವಗಲ್ ಸೀಮೆಯ ಸಾವಿನ ಹಾಡುಗಳು'. ಹಾಡಿದವಳು ನನ್ನವ್ವ ದ್ಯಾವಮ್ಮ. ಲೇಖನದಲ್ಲಿ ಅವಳ ಹೆಸರಿಲ್ಲ, 'ಕೇರಿಯ ನಿರಕ್ಷರಿ ಮುದುಕಿ' ಎಂದಿದೆ. ಹಾಡಿದಾಗ ಅವಳಿಗೆ ನಲವತ್ತೆರಡು.

ನಮ್ಮಲ್ಲಿ ಹೆಣವಿಲ್ಲದೆ ಹೆಣದ ಪದ ಹೇಳುವಂತಿಲ್ಲ. ಹೇಳಿದರೆ ಮನೆಗೆ ಸಾವು ಬರುತ್ತದೆ. ಈ ಮನುಷ್ಯ ಹೆಣದ ಪದವೇ ಬೇಕೆಂದು ಟೇಪ್ ರೆಕಾರ್ಡರ್ ಹಿಡಿದು, ನಮ್ಮ ಲೋಟದ ನೀರು ಮುಟ್ಟದೆ, ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಮೂರು ದಿನ ಕೂತರು. ಅವ್ವ ರೋಸಿಹೋಗಿ ಬೈಗುಳದ ಪದ ಕಟ್ಟಿದಳು:

"ಕುಂಬಳದೊಟ್ಟೆ ಯಜಮಾನ, ಕುಂತಲ್ಲೇ ಕುಂತ್ಯಲ್ಲೋ,
ಬೆಳಗಾಗಿ ಬೈಗಾಯ್ತು, ಯಾವಾಗ ಹೋದೀಯೋ."

ಕುಂಬಳವೆಂದರೆ ಬ್ರಹ್ಮಾಂಡ, ಹೋಗುವುದೆಂದರೆ ಜೀವ ದೇಹ ಬಿಡುವುದು ಎಂದು ಇವರು ಹನ್ನೊಂದು ಪುಟ ಬರೆದರು. ನಾಡಿನ ವಿದ್ವಾಂಸರು ತಲೆದೂಗಿದರು.

"ಸೋಮವಾರ ನಿಮ್ಮವ್ವನ್ನ ಕರ್ಕೊಂಡು ಬಾ, ತಂಡದೋರ ಮುಂದೆ ಹಾಡ್ಲಿ. ಜೂನ್ ಹತ್ರ ಬಂತು, ನೆನಪಿರ್ಲಿ," ಎಂದರು ಷಡಕ್ಷರಪ್ಪನವರು.

ಊರಿಗೆ ಹೋಗಿ ಅವ್ವನ ಮುಂದೆ ಕೂತೆ. "ಅದೇ ಪದ ಹಾಡ್ಬುಡವ್ವ. ಬೈದಿದ್ದು ಅಂತ ಮಾತ್ರ ಬಾಯಿ ಬಿಡಬ್ಯಾಡ. ನನ್ನ ಕೆಲ್ಸ ಉಳೀತೈತೆ." ಹೆತ್ತವಳಿಗೆ ಹಾಗೆ ಕೈ ಮುಗಿದದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ತಂಡದ ಮೂವರು ಬಂದರು. ಅವರಿಗೆ ಸೋಫಾ, ಗೋಡಂಬಿ. ಅವ್ವನಿಗೆ ನೆಲದ ಮೇಲೆ ಜಮಖಾನ. ಅವಳು ಹಾಡಿದಳು. ತಂಡದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

"ಇವರಿಗೆ ಅರ್ಥ ಗೊತ್ತಿರಲ್ಲ ಸಾರ್, ಸುಮ್ನೆ ಹಾಡ್ತಾರೆ. ಅರ್ಥ ಅಂತ ಕೊಟ್ಟಿದ್ದು ನಾನು," ಎಂದರು ಷಡಕ್ಷರಪ್ಪನವರು.

ತಂಡದ ಅಧ್ಯಕ್ಷರು ಬಾಗಿ ಕೇಳಿದರು: "ಯಾರು ತೀರಿಕೊಂಡಾಗ ಕಟ್ಟಿದ್ದಮ್ಮ?"

ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಯಾರ್ ಸತ್ತವ್ರೆ ಸ್ವಾಮಿ? ಅಗೋ, ಗುಂಡ್ಕಲ್ಲಂಗೆ ಕುಂತವ್ರಲ್ಲ. ಈವಯ್ಯ ಎದ್ದೋಗ್ಲಿ ಅಂತ ಬೈದಿದ್ದು. ಮೂರ್ ದಿನ ಬೈದೆ. ಮುಂಡೇದು ಹೋಗ್ನಿಲ್ಲ, ಬರ್ಕಂತಾ ಕುಂತ್ಕಂತು. ನಾ ಬೈದಿದ್ರ ಅರ್ತ ನಂಗೊತ್ತಿಲ್ವಾ?"

ಷಡಕ್ಷರಪ್ಪನವರು ನಗಲು ನೋಡಿದರು. "ವಯಸ್ಸಾಯ್ತು, ಮರೆವು. ನಮ್ಮ ರವಿಕುಮಾರ್ ಇದರ ಮೇಲೇ ಎಂ.ಫಿಲ್. ಮಾಡಿದಾರೆ. ನೀವೇ ಹೇಳ್ರೀ."

ಐದು ವರ್ಷದಲ್ಲಿ ಮೊದಲ ಸಲ ಅವರು ನನಗೆ ರೀ ಅಂದಿದ್ದರು. ಒಂದು ಗಳಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

"ಬೈಗುಳ ಹೌದು ಸಾರ್," ಎಂದೆ. "ಈ ಅರವತ್ತೊಂದರಲ್ಲಿ ಆರು ನನ್ನವು. ಇವರೇ ಗೈಡು. ಬೈಗುಳ ಅಂತ ಗೊತ್ತಿದ್ದೂ ಗೊತ್ತಿದ್ದೂ, ಪದವಿ ಬೇಕಲ್ಲ, ಅಳು ಅಂತ ಬರ್ದೆ. ಅವನ್ನ ಕಳೀಬೇಕು."

ಷಡಕ್ಷರಪ್ಪನವರು ಪಟ್ಟಿಯ ಮೇಲೆ ಅಂಗೈ ಊರಿದ್ದರು. ನಾನು ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟೆ, ಅಧ್ಯಕ್ಷರ ಪೆನ್ನು ತೆಗೆದುಕೊಂಡು ನನ್ನ ಆರು ಸಾಲುಗಳಿಗೂ ಅಡ್ಡಗೆರೆ ಎಳೆದೆ.